ಇಂಗ್ಲಿಷ್ ಉಚ್ಚಾರಕ್ಕೆ ಕನ್ನಡದಲ್ಲೇ ಪಾಠ ಬೇಕು

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು ಕಾಲೇಜಿಗೋ ಕೆಲಸಕ್ಕೋ ಸೇರುವ ನಮ್ಮ ಮಕ್ಕಳಲ್ಲಿ ಅನೇಕರು ಇಂಗ್ಲಿಷಿನಲ್ಲಿ ತಕ್ಕಮಟ್ಟಿಗೆ ಬರೆಯಬಲ್ಲರು, ಆದರೆ ಮಾತನಾಡಲು ಅಳುಕುತ್ತಾರೆ. ಈ ಅಳುಕನ್ನು ಹೋಗಲಾಡಿಸುವುದಾಗಿ ಹೇಳುವ ಸ್ಪೋಕನ್ ಇಂಗ್ಲಿಷ್ ತರಗತಿಗಳು ಉಪನಗರಗಳಲ್ಲಿ ಎಲ್ಲೆಡೆ ಇವೆ. ಅಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆಯೇ ಹೊರತು, ಯಾವ ಧ್ವನಿಗೆ ನಾಲಿಗೆ, ತುಟಿ, ಹಲ್ಲುಗಳು ಎಲ್ಲಿರಬೇಕೆಂದು ತೋರಿಸಿಕೊಡುವುದು ಅಪರೂಪ.

ಅಂಧೇರಿ ವೆಸ್ಟ್, ಬೊರಿವಲಿ ವೆಸ್ಟ್ ಎಂದು ನಾವು ದಿನವೂ ಹೇಳುತ್ತೇವೆ. ಪಶ್ಚಿಮ ಎಂಬರ್ಥದ ಈ ಪದಕ್ಕೆ ತುಟಿಗಳೆರಡೂ ದುಂಡಗಾಗಬೇಕು, ಹಲ್ಲು ತಾಕಬಾರದು. ಒಳಅಂಗಿ ಎಂಬರ್ಥದ ವೆಸ್ಟ್ (vest) ಪದಕ್ಕಾದರೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ, ಗಾಳಿ ಉಜ್ಜಿಕೊಂಡು ಹೊರಬರಬೇಕು. ನಾವು ಎರಡನ್ನೂ ಒಂದೇ ವಕಾರದಲ್ಲಿ ಮುಗಿಸುತ್ತೇವೆ. ಕೈಗನ್ನಡಿ ಹಿಡಿದು ಒಂದರ ಹಿಂದೊಂದು ಹೇಳಿಸಿದರೆ, ಕಿವಿಗೆ ಸಿಗದ ವ್ಯತ್ಯಾಸ ಮೊದಲು ಕಣ್ಣಿಗೆ ಸಿಗುತ್ತದೆ.

ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯವಂತೂ ನಮಗೆ ದೊಡ್ಡ ಅನುಕೂಲ. ಇಂಗ್ಲಿಷಿನಲ್ಲಿ ಪದದ ಆರಂಭದಲ್ಲಿ ಒತ್ತಿ ಹೇಳುವ ಅಕ್ಷರದಲ್ಲಿ ಪ, ಟ, ಕ ಧ್ವನಿಗಳು ಬಂದಾಗ ಮಹಾಪ್ರಾಣದಂತೆ ಉಸಿರು ಚಿಮ್ಮುತ್ತದೆ. ಅವುಗಳ ಹಿಂದೆ ಸಕಾರವಿದ್ದರೆ ಚಿಮ್ಮುವುದಿಲ್ಲ. ತೆಳುವಾದ ಕಾಗದವನ್ನು ತುಟಿಯೆದುರು ಹಿಡಿದು ಪಿನ್ ಎಂದಾಗ ಅದು ಅಲುಗಬೇಕು, ಸ್ಪಿನ್ ಎಂದಾಗ ಬಹುಮಟ್ಟಿಗೆ ನಿಶ್ಚಲವಾಗಿರಬೇಕು. ಆಡುಮಾತಿನಲ್ಲಿ ನಮ್ಮಲ್ಲಿ ಹಲವರು ಮಹಾಪ್ರಾಣವನ್ನು ಬಿಟ್ಟುಬಿಡುತ್ತಾರೆ, ನಿಜ. ಆದರೂ ವರ್ಣಮಾಲೆಯನ್ನು ಸ್ಥಾನ (ಬಾಯಿಯಲ್ಲಿ ಧ್ವನಿ ಹುಟ್ಟುವ ಜಾಗ), ಪ್ರಯತ್ನ (ಅದು ಹುಟ್ಟುವ ರೀತಿ) ಇವುಗಳ ಕ್ರಮದಲ್ಲೇ ಕಲಿತ ಮಗುವಿಗೆ ಇದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ತಿಳಿಸಬಹುದು. ಕನ್ನಡದ ಒಂದು ಪದವೂ ಕಿವಿಗೆ ಬೀಳಬಾರದೆಂದು ಹಟ ಹಿಡಿಯುವ ತರಗತಿಗಳಲ್ಲಿ ಈ ತಿಳಿವಳಿಕೆ ಪೂರ್ತಿ ವ್ಯರ್ಥವಾಗುತ್ತದೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಮರಾಠಿಯೂ ಇಲ್ಲಿ ನೆರವಿಗೆ ಬರುತ್ತದೆ. ‘ಜಾಸ್ತ್’ ಎಂಬ ಮರಾಠಿ ಪದದ ಮೊದಲ ಧ್ವನಿಯನ್ನು (dz) ಸರಿಯಾಗಿ ಆಡುವ ಮುಂಬೈಯ ಹುಡುಗ, ಅದರ ಆರಂಭದಲ್ಲಿ ನಾಲಿಗೆ ತಾಕುವುದನ್ನು ಬಿಟ್ಟು ಗಾಳಿಯನ್ನಷ್ಟೇ ಹರಿಯಗೊಟ್ಟರೆ ಇಂಗ್ಲಿಷಿನ ಝೂ, ಝೀರೋ ಪದಗಳ ಧ್ವನಿ ತಾನಾಗಿ ಬರುತ್ತದೆ. ಎಗ್ ಎನ್ನುವಲ್ಲಿ ಯಕಾರ, ಓನ್ಲಿ ಎನ್ನುವಲ್ಲಿ ವಕಾರ ಸೇರಿಕೊಳ್ಳುವುದನ್ನು ಒಮ್ಮೆ ಗುರುತಿಸಿ ಹೇಳಿದರೆ ಸಾಕು, ಮಕ್ಕಳೇ ತಿದ್ದಿಕೊಳ್ಳುತ್ತಾರೆ.

ಹೆಚ್ಚು ಸಮಯ ಬೇಕಾಗುವುದು ಧ್ವನಿಯ ಏರಿಳಿತಕ್ಕೆ. ನಾವು ಅಕ್ಷರ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ತೂಕ ಕೊಟ್ಟು ಮಾತನಾಡುವವರು. ಇಂಗ್ಲಿಷಿನಲ್ಲಾದರೋ ಫೋಟೋಗ್ರಾಫ್ ಎನ್ನುವಾಗ ಮೊದಲ ಅಕ್ಷರಕ್ಕಿರುವ ಒತ್ತು, ಫೋಟೋಗ್ರಾಫರ್ ಎನ್ನುವಾಗ ಎರಡನೆಯದಕ್ಕೂ ಫೋಟೋಗ್ರಾಫಿಕ್ ಎನ್ನುವಾಗ ಮೂರನೆಯದಕ್ಕೂ ಸರಿಯುತ್ತದೆ; ಒತ್ತಿಲ್ಲದ ಅಕ್ಷರಗಳ ಸ್ವರ ಕುಗ್ಗುತ್ತದೆ. ‘ಬಂದನಾ’ ಎಂಬಲ್ಲಿ ಕೊನೆಯ ‘ಆ’ಕಾರವೇ ಪ್ರಶ್ನೆಯನ್ನು ಸೂಚಿಸುವ ಭಾಷೆ ನಮ್ಮದು. ಇಂಗ್ಲಿಷಿನಲ್ಲಿ ಹೌದು, ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ಸಾಮಾನ್ಯವಾಗಿ ಕೊನೆಯಲ್ಲಿ ದನಿ ಏರುತ್ತದೆ, ಯಾರು, ಎಲ್ಲಿ ಎಂದು ಕೇಳುವ ಪ್ರಶ್ನೆಗೆ ಸಾಮಾನ್ಯವಾಗಿ ಇಳಿಯುತ್ತದೆ. ಎರಡನ್ನೂ ಏರುದನಿಯಲ್ಲೇ ಕೇಳಿದರೆ, ಸಂದರ್ಶನದಲ್ಲಿ ಎದುರು ಕುಳಿತವರಿಗೆ ಅಭ್ಯರ್ಥಿಯ ಮಾತು ಅನುಮಾನದಿಂದ ಕೂಡಿದಂತೆ ಕೇಳಿಸಬಹುದು.

ಲಂಡನ್ನಿನವರಂತೆ, ಅಮೆರಿಕದವರಂತೆ ನಮ್ಮ ಮಕ್ಕಳು ಮಾತನಾಡಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಹೇಳಿದ್ದು ಒಂದೇ ಸಲಕ್ಕೆ ಎದುರಿನವರಿಗೆ ತಿಳಿಯಬೇಕು, ಅಷ್ಟೇ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಹಾಗೂ ಉಪನಗರಗಳ ಕನ್ನಡ, ತುಳು ಸಂಘಗಳು ಭಾನುವಾರಗಳಂದು ಇಂಥ ಉಚ್ಚಾರಾಭ್ಯಾಸವನ್ನು ಕನ್ನಡದ ಮೂಲಕ ನಡೆಸಬೇಕು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಹಿರಿಯ ತರಗತಿಗಳ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ರಾತ್ರಿಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ನನ್ನಂಥ ಶಿಕ್ಷಕರು ಈ ಕೆಲಸಕ್ಕೆ ಸಂಭಾವನೆ ಕೇಳುವುದಿಲ್ಲ. ವಾರಕ್ಕೊಂದು ಗಂಟೆ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು.

– ನಿವೃತ್ತ ಶಿಕ್ಷಕಿ, ಡೊಂಬಿವಲಿ