ನನ್ನ ರಕ್ತದ ಬಾಲಚುಕ್ಕಿಗಳು

ಓಸ್ಲೋ, ನವೆಂಬರ್

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮವಾಗಿದ್ದೇನೆ.

ಪ್ರಯೋಗಾಲಯದಲ್ಲಿ ಆರೋಗ್ಯವಂತರ ಗುಂಪಿಗೆಂದು ನಾನೂ ರಕ್ತ ಕೊಟ್ಟೆ, ನನ್ನ ಡಿಎನ್‌ಎಯಲ್ಲಿ ಜೊತೆಯವರಿಗಿಂತ ಹೆಚ್ಚು ಹಾನಿ ಕಂಡಿತು ಎಂದಷ್ಟೇ ಹೇಳಿ ಕಳೆದ ವಾರ ಫೋನಿಟ್ಟದ್ದು ನನ್ನ ತಪ್ಪು. ಅಂದಿನಿಂದ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ತಮ್ಮ ತಿಳಿಸಿದ. ಈ ಕಾಗದವನ್ನು ದಯವಿಟ್ಟು ಅವಳಿಗೆ ನಿಧಾನವಾಗಿ ಓದಿ ಹೇಳಿ.

ಡಿಎನ್‌ಎಗೆ ಪೆಟ್ಟು ಬೀಳುವುದು ರೋಗವಲ್ಲ. ಉಸಿರಾಡುವ ಆಮ್ಲಜನಕದಿಂದ, ಜೀವಕೋಶದೊಳಗಿನ ನೀರಿನಿಂದಲೇ ಪ್ರತಿಯೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಗಾಯಗಳಾಗುತ್ತವೆ. ಡಿಎನ್‌ಎ ತಾನಾಗಿಯೇ ಇಷ್ಟು ವೇಗವಾಗಿ ಶಿಥಿಲವಾಗುವುದಾದರೆ ಅದನ್ನು ಸರಿಪಡಿಸುವ ವ್ಯವಸ್ಥೆಯೂ ಇರಲೇಬೇಕೆಂದು ತರ್ಕಿಸಿ ಹುಡುಕಿದವರು ಸ್ವೀಡನ್ನಿನ ಥಾಮಸ್ ಲಿಂಡಾಲ್. 2015ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಸಂದಿತು. ಮಳೆಗಾಲಕ್ಕೆ ಮುಂಚೆ ನೀವು ಮಾಡಿನ ಮೇಲೆ ಹತ್ತಿ ಒಡೆದ ಹಂಚನ್ನಷ್ಟೇ ತೆಗೆದು ಬೇರೆಯದನ್ನು ಕೂರಿಸುತ್ತೀರಲ್ಲ, ಕಿಣ್ವಗಳೆಂಬ ಪ್ರೋಟೀನುಗಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ: ಡಿಎನ್‌ಎ ಎಳೆಯ ಬರಹದಲ್ಲಿ ಕೆಟ್ಟ ಅಕ್ಷರವನ್ನು ಕತ್ತರಿಸಿ ತೆಗೆದು, ಜೋಡಿಯಾಗಿರುವ ಎದುರಿನ ಎಳೆಯನ್ನು ನೋಡಿಕೊಂಡು ಸರಿಯಾದದ್ದನ್ನು ತುಂಬುತ್ತವೆ.

ನಾವು ಅಳೆಯುವ ಬಗೆಯನ್ನೂ ಹೇಳುತ್ತೇನೆ. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಗಾಜಿನ ಪಟ್ಟಿಯ ಮೇಲೆ ತೆಳುವಾದ ಅಗರೋಸ್ ಲೋಳೆಯಲ್ಲಿ ಹುದುಗಿಸಿ, ಉಪ್ಪು ಮತ್ತು ಮಾರ್ಜಕದ ದ್ರಾವಣದಲ್ಲಿ ಕೋಶದ ಪೊರೆಯನ್ನು ಕರಗಿಸಿದರೆ ಡಿಎನ್‌ಎಯ ಉಂಡೆ ಮಾತ್ರ ಉಳಿಯುತ್ತದೆ. ಆಮೇಲೆ ಕ್ಷಾರದ್ರಾವಣದಲ್ಲಿಟ್ಟು ವಿದ್ಯುತ್ ಹಾಯಿಸಿದಾಗ, ಎಳೆ ತುಂಡಾಗಿರುವಲ್ಲಿ ಸಡಿಲವಾದ ಭಾಗ ಧನಧ್ರುವದ ಕಡೆಗೆ ಹರಿಯುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲೆಯಲ್ಲಿ ಒಂದೊಂದು ಕೋಶವೂ ಬಾಲಚುಕ್ಕಿಯಂತೆ ಹೊಳೆಯುತ್ತದೆ. ಪೆಟ್ಟು ಹೆಚ್ಚಿದ್ದಷ್ಟೂ ಬಾಲದಲ್ಲಿ ಬೆಳಕು ಹೆಚ್ಚು. ನನ್ನದೇ ರಕ್ತದ ಕಣಗಳನ್ನು ಹೀಗೆ ಮೊದಲ ಸಲ ಕಂಡಾಗ ಬಹಳ ಹೊತ್ತು ಕಣ್ಣು ಕೀಳಲಾಗಲಿಲ್ಲ.

ದುರಸ್ತಿಯನ್ನು ನೋಡಬೇಕಾದರೆ ಕಣಗಳಿಗೆ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬೇಕೆಂದೇ ಪೆಟ್ಟು ಕೊಟ್ಟು, ಬೆಚ್ಚಗಿಟ್ಟು, ಸ್ವಲ್ಪ ಸ್ವಲ್ಪ ಹೊತ್ತಿಗೆ ಬಾಲ ಎಷ್ಟು ಕುಗ್ಗಿತೆಂದು ಅಳೆಯುತ್ತೇವೆ. ಒಬ್ಬರ ಕಣಗಳು ಬೇಗನೆ ಸುಧಾರಿಸಿಕೊಂಡರೆ, ಅದೇ ವಯಸ್ಸಿನ, ಅಷ್ಟೇ ಆರೋಗ್ಯವಂತರಾದ ಇನ್ನೊಬ್ಬರವು ನಿಧಾನಿಸುತ್ತವೆ. ಇದಕ್ಕೆ ಸ್ವಲ್ಪ ಮಟ್ಟಿಗೆ ಹುಟ್ಟು ಕಾರಣ: ಆಮ್ಲಜನಕದಿಂದ ಕೆಟ್ಟ ಅಕ್ಷರವನ್ನು ಕೀಳುವ ಓಜಿಜಿ1 ಎಂಬ ಕಿಣ್ವದ ಸರಪಳಿಯ 326ನೆಯ ಸ್ಥಾನದಲ್ಲಿ ಕೆಲವರಿಗೆ ಸೆರೀನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಕೊಂಡಿ) ಇದ್ದರೆ ಕೆಲವರಿಗೆ ಸಿಸ್ಟೀನ್ ಎಂಬ ಇನ್ನೊಂದು ಇರುತ್ತದೆ. ಉಳಿದಂತೆ ವಯಸ್ಸು, ಧೂಮಪಾನ, ಬಿಸಿಲು, ಊಟ, ಹಿಂದಿನ ದಿನದ ಜ್ವರ ಅಥವಾ ಮೈಮುರಿಯುವ ವ್ಯಾಯಾಮ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಅಮ್ಮ ಮುಖ್ಯವಾಗಿ ತಿಳಿಯಬೇಕಾದದ್ದು ಇದು. ರಕ್ತ ತೆಗೆದ ಕ್ಷಣದಲ್ಲಿ ಕಾಣುವ ಹಾನಿ, ಬೀಳುವ ಪೆಟ್ಟಿಗೂ ನಡೆಯುವ ದುರಸ್ತಿಗೂ ನಡುವಿನ ಬಾಕಿ ಮಾತ್ರ. ಬಾಕಿ ಹೆಚ್ಚಿದ್ದ ಮಾತ್ರಕ್ಕೆ ದುರಸ್ತಿ ಕುಂಠಿತವಾಗಿದೆ ಎನ್ನಲಾಗದು. ಆ ವಾರ ನನಗೆ ನೆಗಡಿಯೂ ಇತ್ತು, ನಿದ್ದೆಯೂ ಕೆಟ್ಟಿತ್ತು. ದುರಸ್ತಿ ನಿಜಕ್ಕೂ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ ಇರುವವರ ಕೋಶಗಳು ಬಿಸಿಲಿನ ಅತಿನೇರಳೆ ಕಿರಣದ ಪೆಟ್ಟನ್ನು ಸರಿಪಡಿಸಲಾರವು, ಆದ್ದರಿಂದ ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ನನ್ನ ಸಂಖ್ಯೆಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ.

ಕೊನೆಯತನಕ ಬೀಡಿ ಸೇದಿದ ಅಜ್ಜ ತೊಂಬತ್ತು ದಾಟಿದರು, ಯಾವ ಚಟವೂ ಇಲ್ಲದ ದೊಡ್ಡಪ್ಪನಿಗೆ ಯಾಕೆ ಹಾಗಾಯಿತೆಂದು ನೀವು ಕೇಳಿದ್ದಿರಿ. ಈ ವ್ಯತ್ಯಾಸದ ಪಾಲೂ ಅದರಲ್ಲಿ ಇದ್ದಿರಬಹುದು, ಅಪ್ಪ; ಆದರೆ ಒಂದು ಹನಿ ರಕ್ತ ನೋಡಿ ಒಬ್ಬ ಮನುಷ್ಯನ ಮುಂದಿನ ವರ್ಷಗಳನ್ನು ಹೇಳುವ ಶಕ್ತಿ ನಮ್ಮ ಪರೀಕ್ಷೆಗೆ ಇಲ್ಲ. ಅದು ಗುಂಪುಗಳನ್ನು ಹೋಲಿಸುವ ಸಾಧನ. ಹಾಗಾಗಿ ಜಾಹೀರಾತು ನೋಡಿ ಅಂಥದ್ದೊಂದು ಪರೀಕ್ಷೆಗೆ ಹಣ ಕಟ್ಟಬೇಡವೆಂದು ತಮ್ಮನಿಗೆ ಹೇಳಿ.

ಮುಂದಿನ ತಿಂಗಳು ನೆಗಡಿಯಿಲ್ಲದ ದಿನ ನೋಡಿ ಮತ್ತೆ ರಕ್ತ ಕೊಡುತ್ತೇನೆ. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಅಮ್ಮನಿಗೇ ಬರೆಯುತ್ತೇನೆ.

ಇಂತಿ,
ನಿಮ್ಮ ಮಗಳು