ಕರೆಯುವ ಹಾಡು

ಚಿ. ಶಾಲಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಹಾಡು ತಲುಪಿತು. ಪಲ್ಲವಿಯ ನಾಲ್ಕು ಸಾಲಿನಲ್ಲಿ ‘ಒಂಟಿತನ’ ಮೂರು ಸಲ ಬಂದಿದೆ. ಮೂರನ್ನೂ ಹೊಡೆದುಹಾಕು. ಹಾಡುವವರಿಗೂ ಅದು ತೊಡಕಿನ ಪದ ಕಣೇ: ‘ಒಂ’ ಎರಡು ಮಾತ್ರೆ, ಆಮೇಲೆ ‘ಟಿ, ತ, ನ’ ಒಂದೊಂದೇ. ಸಾಲಿನ ಕೊನೆಯಲ್ಲಿ ಸ್ವರ ನಿಲ್ಲಿಸೋಣವೆಂದರೆ ಹಿಡಿಯಲು ದೀರ್ಘವೇ ಇಲ್ಲ. ‘ಒಂಟಿತನಾ’ ಎಂದು ಎಳೆದರೆ ಕಂಪನಿ ನಾಟಕದ ಅಳು ಆಗುತ್ತದೆ.

ನಮ್ಮ ಭಾಷೆಯಲ್ಲಿ ಸಹಜವಾಗಿ ಎಳೆಯಲು ಬರುವುದು ಸಂಬೋಧನೆ. ದೂರದವರನ್ನು ಕೂಗುವಾಗ ಕೊನೆಯ ಸ್ವರ ತಾನೇ ಉದ್ದವಾಗುತ್ತದೆ. ವ್ಯಾಕರಣದಲ್ಲಿ ಪ್ಲುತ ಎಂದು ಓದಿದ್ದೀಯಲ್ಲ, ಅದೇ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತಾ ಹೇಳಿದ ವಚನವನ್ನು ಮತ್ತೆ ಓದು. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲು, ಒಂದೊಂದನ್ನೂ ಕರೆದು ಅವನನ್ನು ಕಂಡಿರಾ ಎನ್ನುತ್ತಾಳೆ. ಯಾವುದೂ ಉತ್ತರ ಕೊಡುವುದಿಲ್ಲ. ತಾನು ಒಂಟಿ ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಯಾರನ್ನು ಕರೆಯುತ್ತೀ ಎಂಬುದನ್ನು ಮೊದಲು ಗೊತ್ತುಮಾಡಿಕೋ. ಪಲ್ಲವಿಯಲ್ಲಿ ‘ನೀನು’ ಆಗಿದ್ದವಳು ನಿನ್ನ ಚರಣದಲ್ಲಿ ‘ಅವಳು’ ಆಗಿದ್ದಾಳೆ. ಅಲ್ಲಿಗೆ ಕರೆ ಕಡಿಯಿತು.

ನಡೆಯನ್ನೂ ಬದಲಿಸು. ನೀನು ಹಿಡಿದಿರುವ 4-4, ಅಂದರೆ ನಾಲ್ಕು ನಾಲ್ಕು ಮಾತ್ರೆಯ ಗುಂಪು, ಈ ಭಾವಕ್ಕೆ ತೀರಾ ಚುರುಕು, ಕವಾಯತಿನ ಹೆಜ್ಜೆಯ ಹಾಗೆ. 3-4ರ ಭಾಮಿನಿ ನಡೆಯಲ್ಲಿ ಬರೆದರೆ ಮಿಶ್ರಛಾಪು ತಾಳಕ್ಕೆ ಕೂರುತ್ತದೆ, ಏಳು ಎಣಿಕೆಯ ಒಂದು ಕುಂಟು ಉಳಿಯುತ್ತದೆ. ಮಾದರಿಗೆ:

ಎರಡು ಲೋಟವ ತೊಳೆದು ಇಟ್ಟೆನು
ನೀರು ಕಾದಿದೆ ಗೆಳತಿಯೇ

ತೊಡೆ ತಟ್ಟಿಕೊಂಡು ಎಣಿಸು. ‘ಎರಡು’ 3, ‘ಲೋಟವ’ 4, ‘ತೊಳೆದು’ 3, ‘ಇಟ್ಟೆನು’ 4. ‘ತೊಳೆದಿಟ್ಟೆನು’ ಎಂದು ಸಂಧಿ ಮಾಡಿದೆಯೋ, ಒಂದು ಮಾತ್ರೆ ಕುಸಿದು ತಾಳ ತಪ್ಪುತ್ತದೆ. ಎರಡನೇ ಸಾಲಿನಲ್ಲಿ ‘ಗೆಳತಿ’ 3. ಉಳಿದ ‘ಯೇ’ ಒಂದೇ ನಾಲ್ಕನ್ನೂ ತುಂಬಬೇಕು, ಹಾಡು ಕರೆಯುವುದು ಅಲ್ಲಿ. ‘ಕಾದಿದೆ’ ಎಂದಾಗ ನೀರು ಬಿಸಿಯಾಗಿಯೂ ಇದೆ, ದಾರಿ ನೋಡುತ್ತಲೂ ಇದೆ. ಇಂಥ ಪದ ಸಿಕ್ಕರೆ ಬಿಡಬೇಡ. ‘ನೋವು, ಸಾವು, ಬೇವು’ ಎಂದು ಪ್ರಾಸ ಪೋಣಿಸುವುದಂತೂ ಬೇಡವೇ ಬೇಡ. ಪ್ರಾಸ ಮುಂದೆ ಹೋಗಿ ಅರ್ಥ ಹಿಂದೆ ಉಳಿಯುತ್ತದೆ.

ಪ್ರತಿ ಚರಣವಾದ ಮೇಲೆ ಪಲ್ಲವಿ ಮರಳಿ ಬರುತ್ತದಲ್ಲ, ಪ್ರತಿ ಸಲವೂ ಅದು ಬೇರೆಯಾಗಿ ಕೇಳಿಸಬೇಕು. ಮೊದಲ ಚರಣದಲ್ಲಿ ಗೆಳತಿ ಊರಿಗೆ ಹೋಗಿದ್ದಾಳೆ ಎಂದಷ್ಟೇ ಇರಲಿ. ಎರಡನೆಯದರಲ್ಲಿ ಅವಳು ಬರುವವಳಲ್ಲ ಎಂದು ಒಂದು ಸಣ್ಣ ವಿವರದಿಂದ ತಿಳಿಯಲಿ: ಅವಳ ಮನೆ ಗೇಟಿಗೆ ‘ಬಾಡಿಗೆಗೆ ಇದೆ’ ಬೋರ್ಡು, ಅಷ್ಟು ಸಾಕು. ಅದಾದ ಮೇಲೆ ಎರಡು ಲೋಟದ ಸಾಲಿನ ಒಂದಕ್ಷರವನ್ನೂ ಮುಟ್ಟಬೇಡ.

ಮೂರನೇ ಚರಣ ಬೇಡ. ತಿದ್ದಿದ್ದನ್ನು ಬರೆದು ಕಳಿಸಬೇಡ, ಹಾಡಿ ರೆಕಾರ್ಡ್ ಮಾಡಿ ಕಳಿಸು.

ನಿನ್ನ ದೊಡ್ಡಮ್ಮ