ಮಾಗಡಿ ಕೆರಿಗೆ ಮಕ್ಕಳನ್ನ ಕಳಸ್ರಿ: 9ನೇ ಕ್ಲಾಸಿನ ಪಾಲಕರಿಗೆ

ಎಲ್ಲಾ ಪಾಲಕರಿಗೆ ನಮಸ್ಕಾರ್ರಿ,

ಡಿಸೆಂಬರ್ ತಿಂಗಳ ನಾಕು ಶನಿವಾರ ಮಕ್ಕಳನ್ನ ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಗೆ ಹಕ್ಕಿ ನೋಡಾಕ ಕರ್ಕೊಂಡು ಹೋಗ್ತೀವಿ ಅಂತ ಗ್ರೂಪಿನ್ಯಾಗ ಹಾಕಿದ ಕೂಡ್ಲೇ ಭಾಳ ಮಂದಿ ಫೋನ್ ಮಾಡಿದ್ರಿ, ಸರ್ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗ ಹಕ್ಕಿ ನೋಡ್ಕೋತ ಕುಂತ್ರ ಪೋರ್ಷನ್ ಯಾವಾಗ ಮುಗಸ್ತೀರಿ ಅಂತ. ನಿಮ್ಮ ಚಿಂತಿ ನನಗ ತಿಳೀತೈತಿ, ಅದಕ್ಕ ಎಲ್ಲಾರಿಗೂ ಒಮ್ಮೆ ಬರದು ಹೇಳಾಕತ್ತೀನಿ.

ಹೋದ ವರ್ಷ ಒಂದ ದಿನ ಹೋಗಿದ್ವಿ. ಆ ಬ್ಯಾಚಿನ್ಯಾಗ ಒಬ್ಬ ಹುಡುಗ ಇದ್ದ, ಜೂನ್‌ದಿಂದ ಕ್ಲಾಸಿನ್ಯಾಗ ಬಾಯಿ ಬಿಟ್ಟಿದ್ದಿಲ್ಲ, ಹೆಸರು ಕರದ್ರ ತಲಿ ತಗ್ಗಸ್ತಿದ್ದ. ಕೆರಿ ದಂಡಿಗೆ ನಿಂತಾಗ ವಿಜ್ಞಾನದ ಮೇಡಂ, ಈ ಪಟ್ಟೆ ತಲಿ ಹೆಬ್ಬಾತು ರಾತ್ರಿ ಎಲ್ಲಿ ಮೇಯ್ತಾವ ಅಂತ ಕೇಳಿದ್ರು, ಅವ ಶುರು ಹಚ್ಚಿದ ನೋಡ್ರಿ! ಅವರ ಹೊಲ ಅಲ್ಲೇ ಹತ್ರ ಐತಿ, ಕಡ್ಲಿ ಕಾಯಾಕ ಅಪ್ಪನ ಜೋಡಿ ಹೋಗ್ತಾನ, ಯಾವ ಕಡೆಯಿಂದ ಇಳೀತಾವ, ಬೆಳಕು ಹರಿಯೂ ಹೊತ್ತಿಗೆ ಹೆಂಗ ತಿರುಗಿ ಕೆರಿಗೆ ಬರ್ತಾವ, ಎಲ್ಲಾ ಹೇಳಿದ. ಆಮ್ಯಾಲೆ ಹುಡುಗರಾಗ ವಾದ ಎದ್ತು, ಬೆಳಿ ತಿಂದ್ರ ಪರಿಹಾರ ಯಾರು ಕೊಡ್ಬೇಕು, ಓಡ್ಸೂದು ತಪ್ಪೇನು ಅಂತ. ಬಸ್ಸಿನ್ಯಾಗೂ ಅದೇ ಮಾತು. ನಾ ಇಷ್ಟು ವರ್ಷ ಕ್ಲಾಸಿನ್ಯಾಗ ಅಂಥಾ ವಾದ ಕೇಳಿದ್ದಿಲ್ಲ.

ಹದಿನಾಕು ವರ್ಷದ ಹುಡುಗರಿಗೆ ತಾವು ಉಪಯೋಗಕ್ಕ ಬರ್ತೀವಿ ಅನ್ನೂದು ಗೊತ್ತಾಗ್ಬೇಕ್ರಿ. ಮನಿಯಾಗ ಏನ್ ಕಲ್ತಿ ಅಂದ್ರ ಏನಿಲ್ಲ ಅಂತಾರ, ಹೌದಲ್ಲ?

ಪೋರ್ಷನ್ ಮಾತು. ಈ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರ್ತಾವ, 7,000 ಮೀಟರ್‌ಕ್ಕಿಂತ ಎತ್ತರ ಹಾರಿದ್ದು ದಾಖಲಾಗೇತಿ. ಅಷ್ಟು ಕಡಿಮಿ ಗಾಳಿಯಾಗ ಉಸುರು ಹೆಂಗ ಅಂದ್ರ, ಅವುಗಳ ರಕ್ತದಾಗಿನ ಹಿಮೋಗ್ಲೋಬಿನ್ ಆಮ್ಲಜನಕವನ್ನ ತಗ್ಗಿನ ನಾಡಿನ ಬೇರೆ ಹೆಬ್ಬಾತಿಗಿಂತ ಗಟ್ಟಿ ಹಿಡಿತೈತಿ. 10ನೇ ಕ್ಲಾಸಿನ ಪಾಠದಾಗ ಹಿಮೋಗ್ಲೋಬಿನ್ ಬರೂದೇ ಐತಿ. ಸಾವಿರಾರು ಹಕ್ಕಿ ಒಂದೊಂದಾಗಿ ಎಣಿಸಾಕ ಆಗಂಗಿಲ್ಲ, 50ರ ಗುಂಪು ಎಷ್ಟಿರ್ತೈತಿ ಅಂತ ಕಣ್ಣಾಗ ಹಿಡದು ಗುಣಿಸ್ಬೇಕು, ನಾಕೂ ವಾರದ ಲೆಕ್ಕ ಗ್ರಾಫ್ ಮಾಡ್ಬೇಕು, ಇದು ಗಣಿತ. 2024ರಾಗ ಈ ಕೆರಿ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ, ಜೌಗು ಜಾಗಗಳ ಪಟ್ಟಿಗೆ ಸೇರ್ತು, ನಮ್ಮ ಜಿಲ್ಲಾದ್ದು ಅಂತ ಮಕ್ಕಳು ಹೆಮ್ಮೆಯಿಂದ ಹೇಳ್ಬೇಕಲ್ರಿ. ತಪ್ಪಿದ ಪಾಠ ಸೋಮವಾರ ಸಂಜೀಕ ತಗೋತೀವಿ.

ಇನ್ನೊಂದು, ಇದನ್ನ ಕೈಮುಗಿದು ಕೇಳ್ತೀನಿ. ಹೋದ ಸಲ ಹುಡುಗ್ಯಾರು ಅರ್ಧಾನೂ ಬರ್ಲಿಲ್ಲ, ಮನಿಯವರು ಬ್ಯಾಡ ಅಂದ್ರಂತ. ಒಂದ ಹುಡುಗಿ ಸೋಮವಾರ ಬಂದು, ಸರ್ ಎಷ್ಟ ಹಕ್ಕಿ ಇದ್ವು ಅಂತ ಕೇಳಿದ್ಲು, ನನಗ ಭಾಳ ಕೆಟ್ಟ ಅನಿಸ್ತು. ಈ ಸಲ ಇಬ್ಬರು ಮೇಡಂ ಪೂರ್ತಿ ಜೊತಿಗಿರ್ತಾರ, ಶೌಚಾಲಯದ ವ್ಯವಸ್ಥಾ ಮೊದ್ಲೇ ಹೋಗಿ ನೋಡಿ ಬಂದೀವಿ, ಪ್ಯಾಡ್ ಮೇಡಂ ಹತ್ರ ಇರ್ತಾವ, 12ರೊಳಗ ತಿರುಗಿ ಬರ್ತೀವಿ. ಬರಾಕ ಇಷ್ಟ ಇರೋ ತಾಯಂದಿರು ಬರ್ರಿ, ಬಸ್ಸಿನ್ಯಾಗ ಜಾಗ ಐತಿ.

ಬೆಳಿಗ್ಗೆ 6ಕ್ಕ ಶಾಲಿ ಗೇಟಿಗೆ ಬಿಡ್ರಿ. ರೊಕ್ಕ ಏನೂ ಬ್ಯಾಡ. ಸ್ವೆಟರ್, ನೀರು, ಎರಡು ರೊಟ್ಟಿ, ಒಂದು ನೋಟ್‌ಬುಕ್. ಮೊಬೈಲ್ ಕೊಡಬ್ಯಾಡ್ರಿ, ಝಗಝಗ ಬಣ್ಣದ ಅಂಗಿ ಹಾಕಬ್ಯಾಡ್ರಿ. ಒಪ್ಪಿಗಿ ಚೀಟಿ ಗುರುವಾರದೊಳಗ ಕ್ಲಾಸ್ ಟೀಚರ್ ಕೈಗೆ ಮುಟ್ಟಲಿ.

ನಿಮ್ಮ,
ಮುಖ್ಯೋಪಾಧ್ಯಾಯರು